ಕದಲಬಾರದ ಮಣ್ಣೆತ್ತು

ಆಟಿಕೆಗಳ ಮಹಿಮೆಯನ್ನು ರೋಣದಿಂದ ಅಬ್ಬಿಗೇರಿಯವರೆಗಿನ ತಾಯಂದಿರಿಗೆ ಮನಗಾಣಿಸಬಲ್ಲ ಪುರುಷನೊಬ್ಬನಿದ್ದರೆ ಅವನು ನಾನೇ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ! ಸೊಸೆ ಪದ್ಮಶ್ರೀ ಅಂಗನವಾಡಿಗಳ ಮೇಲ್ವಿಚಾರಕಿ. "ಮಗುವಿಗೆ ಆಟಿಕೆ ಬೇಕು" ಎಂಬ ಪ್ರಚಾರಕ್ಕಾಗಿ ಮರುದಿನದ ತಾಯಂದಿರ ಸಭೆಯಲ್ಲಿ ಅವಳೊಂದು ಆನಿಮೇಶನ್ ಚಿತ್ರ ತೋರಿಸಬೇಕಾಗಿತ್ತು.

"ಚಿಂತಿ ಬಿಡವಾ, ಚಿತ್ರದ ರಚನಾ ಎಲ್ಲಾ ನಂದು," ಎಂದು ಅಭಯವಿತ್ತೆ.

ವಿಧಾನವೇನೋ ಸರಳ. ಆಟಿಕೆಯನ್ನು ಮಣೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯುವುದು. ಕೂದಲೆಳೆಯಷ್ಟು ಸರಿಸಿ ಮತ್ತೆ ತೆಗೆಯುವುದು. ಎಲ್ಲವನ್ನೂ ಜೋಡಿಸಿ ಓಡಿಸಿದರೆ ಆಟಿಕೆ ತಾನೇ ನಡೆದಾಡುತ್ತದೆ! ಮೊಮ್ಮಗಳು ಶ್ರದ್ಧಾ ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಮುಗಿದಂದಿನಿಂದ ಬಗಲಿನಿಂದ ಕೆಳಗಿಳಿಸದ ಹಸಿಮಣ್ಣಿನ ಜೋಡೆತ್ತುಗಳನ್ನು ನಾಯಕಪದವಿಗೆ ಆರಿಸಿ ಕಸಿದುಕೊಂಡೆ.

"ಅಜ್ಜಾ, ನನ್ನ ಎತ್ತು ಕೊಡು! ನಾ ಆಡಬೇಕು!"

"ಸುಮ್ಮನ ಕೂಡು ಕೂಸ! ಮಕ್ಕಳಿಗೆ ಆಟಗಿ ಎಷ್ಟು ಬೇಕಂತ ಜಗತ್ತಿಗೆ ತೋರಸ್ಲಿಕ್ಹತ್ತೀನಿ!"

ದೈವಸ್ಮರಣೆಯಿಲ್ಲದೆ ಶುಭಕಾರ್ಯಕ್ಕೆ ತೊಡಗುವುದುಂಟೆ? ಎತ್ತುಗಳಿಗೆ ಅರಿಸಿನ ಕುಂಕುಮವೇರಿಸಿ, ನಂದಿಯನ್ನು ಆವಾಹಿಸಿ, ಸಾಂಗವಾಗಿ ಪ್ರಾಣಪ್ರತಿಷ್ಠೆಯನ್ನೂ ನೆರವೇರಿಸಿದೆ. ಪದ್ಮಶ್ರೀ ಮೊದಲ ಫೋಟೊ ತೆಗೆದಳು.

"ಮಾಮಾ, ಬಲಗಡೆದ್ದು ಸ್ವಲ್ಪ ಮುಂದ ಸರಸ್ರಿ."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಪ್ರತಿಷ್ಠೆಗೊಂಡ ಮೂರ್ತಿಯನ್ನು ವಿಸರ್ಜನೆಗೆ ಮುನ್ನ ಕದಲಿಸುವುದೆ? ಶಾಂತಂ ಪಾಪಂ!

"ಸರಸ್ಲಿಕ್ಕೆ ಬರೂದಿಲ್ಲವಾ," ಎಂದೆ.

ಧರ್ಮಪತ್ನಿ ಲೀಲಾಬಾಯಿ ಅಡುಗೆಮನೆಯಿಂದ ಇಣುಕಿದಳು. "ಎತ್ತು ನಡೀಬೇಕಂತ ಸಿನಿಮಾ, ಎತ್ತು ಕದಲಬಾರದಂತ ಶಾಸ್ತ್ರ! ಎರಡಕ್ಕೂ ನೀವ ಯಜಮಾನ್ರು. ಭಾಳ ಚಲೋ ಆತು!"

"ವಿಸರ್ಜನಾ ಮಾಡಿದ್ರ ಮುಗೀತಲ್ಲ!" ಎಂದು ಗುಡುಗಿದೆ.

ಬಕೆಟ್ಟಿನ ನೀರಿನಲ್ಲಿ ಕ್ಷಣಮಾತ್ರ ಅದ್ದಿ ಹೊರತೆಗೆಯುವುದೆಂಬುದು ನನ್ನ ಯೋಜನೆ. ಅದ್ದಿದೆ, ಕಣ್ಮುಚ್ಚಿ ಸ್ತೋತ್ರಕ್ಕೆ ತೊಡಗಿದೆ. ಸ್ತೋತ್ರವನ್ನು ಅರ್ಧಕ್ಕೆ ನಿಲ್ಲಿಸುವ ವಂಶ ನಮ್ಮದಲ್ಲ! ಫಲಶ್ರುತಿಯನ್ನೂ ಮುಗಿಸಿ ಕಣ್ತೆರೆದರೆ ಎತ್ತುಗಳೆಲ್ಲಿ? ಕರಿಮಣ್ಣಿನ ರಾಡಿಯಲ್ಲಿ ಕೋಡೊಂದು ಮಾತ್ರ ಅಂತಿಮ ದರ್ಶನ ನೀಡುತ್ತಿತ್ತು.

ಶ್ರದ್ಧಾಳ ಅಳು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು!

"ನಾಳೆ ಸಭಾದಾಗ ನಾ ಏನು ತೋರಸ್ಲಿ, ಮಾಮಾ?" ಪದ್ಮಶ್ರೀಯ ಕಣ್ಣಲ್ಲೂ ನೀರು.

"ಬಕೀಟ ತೋರಸು," ಎಂದಳು ಲೀಲಾಬಾಯಿ. "ಅಜ್ಜಂದ್ರು ಕೈ ಹಾಕಿದ್ರ ಆಟಗಿ ಏನಾಗ್ತಾವಂತ ತಾಯಂದ್ರಿಗೆ ತಿಳೀಲಿ!"

ಶ್ರದ್ಧಾ ಬಿಕ್ಕುತ್ತಲೇ ಬಕೆಟ್ಟಿನ ತಳದ ಮಣ್ಣನ್ನು ಬಾಚಿದಳು, ಹಿಂಡಿ ಮುದ್ದೆ ಕಟ್ಟಿದಳು, ಕಾಲು ಮೂಡಿಸಿದಳು. ಅಳುವುದನ್ನೇ ಮರೆತು, ಮೂಗೊರೆಸಿಕೊಂಡು ಕೋಡು ತೀಡಿದಳು. ಮಣೆಯ ಮೇಲಿಟ್ಟು "ಹೋ... ಹೋ..." ಎನ್ನುತ್ತ ಮೆಲ್ಲಗೆ ನಡೆಸಿದಳು. ಪದ್ಮಶ್ರೀ ಮೊದಲ ಹಿಡಿ ಮಣ್ಣು ಬಾಚಿದಾಗಿನಿಂದಲೇ ಫೋಟೊ ತೆಗೆಯುತ್ತಲೇ ಇದ್ದಳು.

ಸಂಜೆ ಎಲ್ಲವನ್ನೂ ಜೋಡಿಸಿ ಓಡಿಸಿದಾಗ ಮನೆಮಂದಿ ಬೆರಗಾದೆವು. ರಾಡಿಯೆದ್ದು ಮುದ್ದೆಯಾಯಿತು, ಮುದ್ದೆ ಎತ್ತಾಯಿತು, ಎತ್ತು ಕುಂಟುತ್ತ ನಡೆದೇಬಿಟ್ಟಿತು; ಅದರ ಹಿಂದೆ ಅಳುಮುಖವೊಂದು ನಗುಮುಖವಾಯಿತು! ನಾನು ರಚಿಸಿಟ್ಟಿದ್ದ ಸುದೀರ್ಘ ಪೀಠಿಕೆಯ ಒಂದಕ್ಷರವೂ ಅದಕ್ಕೆ ಬೇಕಾಗಲಿಲ್ಲ.

ನನ್ನ ಕಣ್ಣು ತುಂಬಿ ಬಂತು. ಆ ಸೊಟ್ಟಗೋಡಿನ ಎತ್ತಿನೆದುರು ಕೈಗಳು ತಾವಾಗಿಯೇ ಕೂಡುವಷ್ಟರಲ್ಲಿ, ಶ್ರದ್ಧಾ ಅದನ್ನು ಎದೆಗವಚಿಕೊಂಡು ಓಟ ಕಿತ್ತಳು.

"ಅಮ್ಮಾ, ಲಗೂ ಬಾ! ಅಜ್ಜ ಮತ್ತ ಕೈ ಮುಗೀಲಿಕ್ಹತ್ಯಾನ!"