ತಿಮಿಂಗಿಲದ ಅಂಗುಳಿನ ತೂತುಗಳು

ಅತಿಥಿ ಉಪನ್ಯಾಸಕನಿಗೆ ಊಟ ಹಾಕುತ್ತಾರೋ ಇಲ್ಲವೋ, ಕಳುಹಿಸಿಕೊಡುವುದಂತೂ ಖಚಿತ. ಹೋದ ವರ್ಷ ತೀರ್ಥಹಳ್ಳಿಯ ನಮ್ಮ ಕಾಲೇಜಿನ ಪ್ರಾಂಶುಪಾಲರು, "ವಸ್ತುಪ್ರದರ್ಶನದಲ್ಲಿ ನಿಮ್ಮದೇನಿದೆ ನೋಡಿ, ಮುಂದಿನ ವರ್ಷದ್ದು ಆಮೇಲೆ ಹೇಳ್ತೀನಿ" ಎಂದರು. ಹೆದರಿದ ಪ್ರಾಣಿಶಾಸ್ತ್ರದ ಮೇಷ್ಟ್ರು ಹೃದಯದ ಚಿತ್ರ ಬರೆದು ಅಂಟಿಸಿ ಸುಮ್ಮನಿರಬೇಕಿತ್ತು. ನಾನೋ ತಿಮಿಂಗಿಲದ ಪೂರ್ವಿಕರ ತಲೆಬುರುಡೆ ಮಾಡಿಸುತ್ತೇನೆ ಎಂದುಬಿಟ್ಟೆ.

ವಿಷಯ ಇಷ್ಟೆ. ಇಂದಿನ ಕೆಲವು ದೈತ್ಯ ತಿಮಿಂಗಿಲಗಳಿಗೆ ಹಲ್ಲಿಲ್ಲ. ಅಂಗುಳಿನಿಂದ ಇಳಿಬಿದ್ದ, ಬಾಚಣಿಗೆಯಂಥ ಬಲೀನ್‌ನಿಂದ ನೀರು ಸೋಸಿ ತಿನ್ನುತ್ತವೆ. ಅವುಗಳ ಪೂರ್ವಿಕರ ಪಳೆಯುಳಿಕೆಗಳಲ್ಲಿ ಹಲ್ಲಿದೆ. ಕೆಲವು ಬುರುಡೆಗಳ ಅಂಗುಳಿನಲ್ಲಿ ಹಲ್ಲಿನ ಜೊತೆಗೆ ಸಣ್ಣ ತೂತುಗಳೂ ಇವೆ. ಅವು ಬಲೀನ್‌ಗೆ ರಕ್ತ ಒಯ್ದ ದಾರಿ ಎಂದು ಕೆಲವರು, ಬರೀ ವಸಡಿನದು ಎಂದು ಕೆಲವರು. ಬಲೀನ್ ಕಲ್ಲಾಗಿ ಉಳಿಯುವುದು ಅಪರೂಪ. ಹೀಗಾಗಿ ಜಗಳವೆಲ್ಲ ತೂತಿನ ಮೇಲೆ.

ಬುರುಡೆ ಮಾಡಿಕೊಟ್ಟವರು ಸಾಗರದ ನಮ್ಮ ಬೀದಿಯಲ್ಲಿ ಗಣಪತಿ ಮಾಡುವ ಮಂಜಪ್ಪನವರು. ಅವರು ಊಟಕ್ಕೆ ಹೋಗಿದ್ದಾಗ ಹಸಿ ಮಣ್ಣಿಗೆ ಊದುಬತ್ತಿ ಕಡ್ಡಿಯಿಂದ ತೂತು ಚುಚ್ಚಿದವನು ನಾನು. ಪ್ರದರ್ಶನದ ದಿನ ಬೆಳಿಗ್ಗೆ ಬಣ್ಣ ಒಣಗಿದ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹೊಸನಗರದಲ್ಲಿ ಬಸ್ಸು ನಿಂತಾಗ ತಿರುಗಿಸಿ ನೋಡುತ್ತೇನೆ, ಅಂಗುಳು ನುಣ್ಣಗಿದೆ. ಒಂದು ತೂತೂ ಇಲ್ಲ. ಕೂತಲ್ಲಿಂದಲೇ ಫೋನ್ ಮಾಡಿದೆ.

"ಎಂತದೋ ಹುಳ ಕೊರ್ದಿತ್ತು ಮೇಷ್ಟ್ರೇ, ಮಣ್ಣು ಮೆತ್ತಿ ಸರಿ ಮಾಡಿದೀನಿ" ಎಂದರು ಮಂಜಪ್ಪ. "ಭಿನ್ನ ಆಗಿದ್ದನ್ನ ನಮ್ಮನೆಯಿಂದ ಹೊರಗೆ ಕಳ್ಸಲ್ಲ. ನಮ್ಮಪ್ಪನ ಕಾಲದಿಂದ್ಲೂ ಹಂಗೇ."

ಅಂಥವರನ್ನು ಬೈಯುವುದಾದರೂ ಹೇಗೆ? ಪಕ್ಕದ ಸೀಟಿನ ಹೆಂಗಸಿನ ಹತ್ತಿರ ಹೇರ್‌ಪಿನ್ ಕೇಳಿದೆ.

"ಎಂತಕ್ಕೆ ಮಾರಾಯ್ರೆ?"

"ಕೆಲಸ ಉಳಿಸ್ಕೊಳ್ಳೋಕೆ ಅಕ್ಕ."

ಆಕೆ ಪಿನ್ನು ಕೊಟ್ಟು ಕಿಟಕಿಯ ಕಡೆ ಆದಷ್ಟು ಸರಿದು ಕೂತರು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಕೈ ತಡೆದು, ಮತ್ತೆ ಚುಚ್ಚುತ್ತ ಹೋದೆ. ಎಡಬದಿ ಮುಗಿಯಿತು. ಬಲಕ್ಕೆ ಪಿನ್ನು ಮುಟ್ಟಿಸಿದ್ದೇ ತಡ, ಸಣ್ಣ ಬಿರುಕು ಕಾಣಿಸಿತು. ಇನ್ನೊಂದು ಚುಚ್ಚಿದರೆ ಬುರುಡೆಯೂ ಇಲ್ಲ, ಕೆಲಸವೂ ಇಲ್ಲ. ಕೈಬಿಟ್ಟೆ.

ಪ್ರಾಂಶುಪಾಲರು ಬಗ್ಗಿ ನೋಡಿದರು. "ಈ ಕಡೆ ತೂತಿದೆ, ಆ ಕಡೆ ಯಾಕಿಲ್ಲ?"

"ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ ಸರ್. ಬಲೀನ್ ಇತ್ತು ಅನ್ನೋರಿಗೆ ಈ ಕಡೆ, ಇರಲಿಲ್ಲ ಅನ್ನೋರಿಗೆ ಆ ಕಡೆ."

ಅವರು ಮತ್ತೊಮ್ಮೆ ಬಗ್ಗಿ ಎರಡೂ ಬದಿ ನೋಡಿದರು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ. ಕೊನೆಗೆ, "ಯಾರನ್ನೂ ನೋಯಿಸಿಲ್ಲ. ಇಂಥವರು ಬೇಕು ನಮಗೆ" ಎಂದರು.

ಕೆಲಸ ಉಳಿಯಿತು. ಬುರುಡೆಯೂ ಲ್ಯಾಬಿನಲ್ಲೇ ಉಳಿಯಿತು. ಈಗ ಮಕ್ಕಳು ಪರೀಕ್ಷೆಯಲ್ಲಿ ಅಂಗುಳಿನ ಚಿತ್ರ ಬರೆದು ಎಡಕ್ಕೆ ಮಾತ್ರ ಚುಕ್ಕೆ ಇಡುತ್ತಾರೆ. ಒಬ್ಬಳು ಮಾತ್ರ ಪುಸ್ತಕ ಓದಿ ಎರಡೂ ಬದಿಗೆ ಇಟ್ಟಿದ್ದಾಳೆ. ಅವಳದು ಸರಿ ಎಂದರೆ ಉಳಿದವರು ಬುರುಡೆ ಹೊತ್ತುಕೊಂಡು ಪ್ರಾಂಶುಪಾಲರ ಕೋಣೆಗೆ ಹೋಗುತ್ತಾರೆ. ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟಿದ್ದೇನೆ.