ಹಿಂದಿನ ಸೀಟು ಬಿಚ್ಚಿದ ಭಾನುವಾರ

ನಮ್ಮ ಯಜಮಾನರು ಸ್ಪ್ಯಾನರ್ ಹಿಡಿದು ಕಾಂಪೌಂಡಿಗೆ ಇಳಿದರೆ ಸಾಕು, ಯಾರಿಗೋ ಒಬ್ಬರಿಗೆ ಅನುಮಾನ ಶುರುವಾಗುತ್ತದೆ. ರೇಡಿಯೋ ಬಿಚ್ಚಿದಾಗ ನನಗೆ, ನೀರಿನ ಮೀಟರಿನ ಹತ್ತಿರ ಬಗ್ಗಿದಾಗ ಬಾಡಿಗೆಯವರಿಗೆ. ಆದರೆ ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಬೀದಿಗೆ ಬೀದಿಯೇ ಅನುಮಾನಪಟ್ಟಿದ್ದು ಅವರು ಕಾರಿನ ಹಿಂದಿನ ಸೀಟು ಬಿಚ್ಚಿದ ದಿನ.

ಅದು ಕೆಂಪು ಬಣ್ಣದ ಫಾರಿನ್ ಸ್ಪೋರ್ಟ್ಸ್ ಕಾರು. ಕಂಟೋನ್ಮೆಂಟಿನ ಸಾಹೇಬರೊಬ್ಬರು ಆಸ್ಟ್ರೇಲಿಯಾಕ್ಕೆ ಹೋಗುವಾಗ ಇವರಿಗೆ ಮಾರಿದ್ದು. ಬಾಗಿಲು ಎರಡೇ. ಮುಂದೆ ಇಬ್ಬರು ಆರಾಮಾಗಿ ಕೂರಬಹುದು. ಹಿಂದೆ ಕೂತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು. ಇವರು ಊರಾಚೆಯ ಏರೋಡ್ರಮ್ಮಿನ ರನ್‌ವೇ ಮೇಲೆ ನಡೆಯುವ ಕಾರು ರೇಸಿಗೆ ಹೆಸರು ಕೊಟ್ಟಿದ್ದರು. ಕಾರು ಹಗುರಾದಷ್ಟೂ ಜೋರಾಗಿ ಓಡುತ್ತದೆ ಅಂತ ಹಿಂದಿನ ಸೀಟಿಗೆ ಕೈ ಹಾಕಿದರು.

ಯಾರ ಭಾರ?

ಮೊದಲು ಅನುಮಾನ ಬಂದಿದ್ದು ನಮ್ಮತ್ತೆಗೆ. ಶನಿವಾರ ದೇವಸ್ಥಾನಕ್ಕೆ ಹೊರಟರೆ ಆ ಸೀಟಿನಲ್ಲಿ ಮುದುರಿ ಕೂರುತ್ತಿದ್ದವರು ಅವರೇ. ಸಾರಿನ ಸೌಟು ಹಿಡಿದೇ ಹೊರಗೆ ಬಂದರು.

"ಏನೋ ಅದು, ಸೀಟ್ ಯಾಕೋ ಕೀಳ್ತಿದೀಯ?"

"ಭಾರ ಕಮ್ಮಿ ಮಾಡ್ತಿದೀನಮ್ಮ. ಹಿಂದಿನ ಭಾರ ಇಳಿದ್ರೆ ಗಾಡಿ ಹೆಂಗೆ ಹೋಗುತ್ತೆ ನೋಡು!"

ಅತ್ತೆ ಮಗನನ್ನು ಬಿಟ್ಟು ನನ್ನನ್ನು ನೋಡಿದರು. "ಹಿಂದೆ ಕೂರೋಳು ನಾನೊಬ್ಬಳೇ ಅಲ್ವೇನೋ? ಈ ಉಪಾಯ ನಿಂದಲ್ಲ ಬಿಡು."

ನನಗೂ ಇದಕ್ಕೂ ಸಂಬಂಧವಿಲ್ಲ ಅಂದರೂ ನಂಬಲಿಲ್ಲ. ಮರುವಾರದಿಂದಲೇ ಮುಂದಿನ ಸೀಟು ಅವರದಾಯಿತು. ನಾನು ಬಸ್ಸು ಹಿಡಿದು ದೇವಸ್ಥಾನ ಸೇರುವ ಹೊತ್ತಿಗೆ ಮಂಗಳಾರತಿ ಮುಗಿಸಿ ಕೂತಿರುತ್ತಿದ್ದರು. "ಯಾಕೇ ಇಷ್ಟು ಲೇಟು?" ಅನ್ನುತ್ತಿದ್ದರು.

ಸೀಟಿನ ಅಡಿ

ಸೀಟು ಮೇಲೆದ್ದಾಗ ಅಡಿಯಲ್ಲಿ ಧೂಳು, ಕಡಲೆಕಾಯಿ ಸಿಪ್ಪೆ, ಜೊತೆಗೆ ಒಂದು ಲಿಪ್‌ಸ್ಟಿಕ್. ಈಗ ಅನುಮಾನಪಡುವ ಸರದಿ ನನ್ನದು.

"ಇದ್ಯಾರದು?"

"ಹಳೇ ಓನರ್ ಹೆಂಡ್ತೀದಿರಬೇಕು ಕಣೇ."

"ಅವರಿಗೆ ಮದುವೇನೇ ಆಗಿಲ್ಲ ಅಂತ ನೀವೇ ಹೇಳಿದ್ರಲ್ಲ!"

ಅವರು ಸ್ಪ್ಯಾನರಿನಿಂದ ತಲೆ ಕೆರೆದುಕೊಂಡರು. "ಯಾಕೆ ಆಗಿಲ್ಲ ಅಂತ ಈಗ ಗೊತ್ತಾಯ್ತಲ್ಲ!"

ನಾನು ನಗಲಿಲ್ಲ. ಟ್ರಯಲ್ ನೋಡ್ಕೊಂಡು ಬರ್ತೀನಿ ಅಂತ ಹೇರೋಹಳ್ಳಿ ಕಡೆ ಖಾಲಿ ರಸ್ತೆಗೆ ಒಬ್ಬರೇ ಹೋಗುತ್ತಿದ್ದುದೆಲ್ಲ ನೆನಪಾಗಿ ಲಿಪ್‌ಸ್ಟಿಕ್ ತೆರೆಯಲು ಹೋದೆ. ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಇಕ್ಕಳ ಹಾಕಿ ತೆಗೆದರೆ ಒಳಗಿನ ಬಣ್ಣ ಕಲ್ಲಾಗಿತ್ತು. ಇದು ಕಾರು ನಮ್ಮ ಮನೆಗೆ ಬರುವುದಕ್ಕೂ ಎಷ್ಟೋ ಹಿಂದಿನದು ಅಂತ ಜೀವಕ್ಕೆ ಸಮಾಧಾನವಾಯಿತು. ಅಷ್ಟರಲ್ಲಿ ಅತ್ತೆ ಅದನ್ನು ಇಸಕೊಂಡು, ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ನಿಂದಲ್ಲ ತಾನೇ?"

ಬರೀ ಜಾಗ

ಎದುರು ಮನೆಯವರು ಕಸ್ಟಮ್ಸ್‌ನಲ್ಲಿದ್ದು ರಿಟೈರ್ ಆದವರು. ಬೆಳಗಿನಿಂದ ಪೇಪರ್ ಅಡ್ಡ ಹಿಡಿದು ನೋಡುತ್ತಲೇ ಇದ್ದರು. ಫಾರಿನ್ ಕಾರು, ಬಿಚ್ಚಿದ ಸೀಟು, ಅದರಡಿ ಸಿಕ್ಕಿದ್ದನ್ನು ಅತ್ತೆ ಸೊಸೆ ಗುಟ್ಟಾಗಿ ನೋಡಿದ್ದು. ಚಿನ್ನದ ಬಿಸ್ಕತ್ತೇ ಅಂತ ತೀರ್ಮಾನಿಸಿ ಪೊಲೀಸರಿಗೆ ಹೇಳಿಬಿಟ್ಟರು. ಊಟದ ಹೊತ್ತಿಗೆ ಸಬ್ಇನ್ಸ್‌ಪೆಕ್ಟರ್ ಒಬ್ಬರು ಪೇದೆಯ ಜೊತೆ ಬಂದರು. ಒಳ್ಳೇ ದಪ್ಪ ಆಸಾಮಿ.

"ಏನ್ರೀ, ಸೀಟ್ ತೆಗೆದು ಆ ಜಾಗದಲ್ಲಿ ಏನಿಡ್ತೀರಿ?"

"ಏನೂ ಇಡಲ್ಲ ಸಾರ್."

"ಏನೂ ಇಡದೇ ಇರೋಕೆ ಯಾರಾದ್ರೂ ಇಷ್ಟು ಕಷ್ಟಪಟ್ಟು ಜಾಗ ಮಾಡ್ತಾರೇನ್ರೀ?"

ಸೀಟಿನಡಿ ಸಿಕ್ಕಿದ್ದನ್ನು ತೋರಿಸಿ ಅಂದರು. ಲಿಪ್‌ಸ್ಟಿಕ್ ತಂದುಕೊಟ್ಟೆ. ಅದನ್ನು ನೋಡಿದರು, ನಮ್ಮ ಯಜಮಾನರನ್ನು ನೋಡಿದರು, ಕೊನೆಗೆ ಕನಿಕರದಿಂದ ನನ್ನನ್ನು ನೋಡಿದರು.

"ಇದು ಸ್ಟೇಷನ್ ಕೇಸಲ್ಲ ತಾಯಿ, ಮನೆ ಕೇಸು."

ಸಿಕ್ಕಿದ್ದು

ಆದರೂ ಇನ್ಸ್‌ಪೆಕ್ಟರ್ ಸಾಹೇಬರ ಅನುಮಾನ ಸೀಟನ್ನು ಬಿಡಲಿಲ್ಲ. "ಇದು ಸೀಟಾ? ಇದರಲ್ಲಿ ಮನುಷ್ಯರು ಕೂರ್ತಾರಾ? ಕೆಳಗೆ ಏನೋ ಬಚ್ಚಿಡೋಕೆ ಮಾಡಿರೋ ಮುಚ್ಚಳ ಇದು!"

ಅತ್ತೆಗೆ ಅವಮಾನವಾಯಿತು. "ವಾರವಾರ ನಾನು ಕೂತು ಹೋಗ್ತೀನಪ್ಪ. ನಾನು ಮನುಷ್ಯಳಲ್ವಾ?"

"ಹಾಗಾದ್ರೆ ವಾಪಸ್ ಹಾಕಿ. ನಾನೇ ಕೂತು ನೋಡ್ತೀನಿ."

ನಮ್ಮ ಯಜಮಾನರು ಬೆವರು ಸುರಿಸಿ ಬೋಲ್ಟು ಬಿಗಿದರು. ಪೇದೆ ಒಳಗೆ ಕಾಫಿಗೆ ಹೋದ. ಸಾಹೇಬರು ಟೋಪಿ ತೆಗೆದಿಟ್ಟು, ಮೊದಲು ತಲೆ, ಆಮೇಲೆ ಹೊಟ್ಟೆ ತೂರಿಸಿ ಹಿಂದಿನ ಸೀಟಿಗೆ ಬಿದ್ದರು. ಬಿದ್ದವರು ಏಳಲಿಲ್ಲ. ಮಂಡಿ ಒಂದು ಕಡೆ, ಬೆಲ್ಟು ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು. ಚಿನ್ನ ನೋಡಲು ಬಂದಿದ್ದ ಎದುರು ಮನೆಯವರು ಒಂದು ಕಾಲು ಎಳೆದರು, ಇವರು ಇನ್ನೊಂದು ಎಳೆದರು. "ಉಸಿರು ಬಿಡಿ, ಉಸಿರು ಬಿಡಿ" ಅಂತ ಅತ್ತೆ. ಕೊನೆಗೆ ಉಳಿದಿದ್ದು ಒಂದೇ ದಾರಿ: ಸೀಟು ಬಿಚ್ಚಬೇಕು.

ಬಿಚ್ಚಿಯೇ ಅವರನ್ನು ಹೊರಗೆ ತೆಗೆದಿದ್ದು. ಆಮೇಲೆ ಅವರು ಕೇಸಿನ ಮಾತೇ ಎತ್ತದೆ ಹೊರಟುಹೋದರು. ಆ ಸೀಟನ್ನು ನಾವೂ ಮತ್ತೆ ಹಾಕಲಿಲ್ಲ. ಆದರೆ ನಮ್ಮ ಬೀದಿ ಬಹಳ ದಿನ ನಕ್ಕಿದ್ದು ಅವರನ್ನು ಹೊರಗೆ ತೆಗೆಯುವುದಕ್ಕೂ ಸ್ವಲ್ಪ ಮುಂಚೆ ಆಗಿದ್ದಕ್ಕೆ. ಪೇದೆ ಬಾಯಿ ಒರೆಸಿಕೊಂಡು ಹೊರಗೆ ಬಂದ. ಕಾರಿನ ಬಾಗಿಲಲ್ಲಿ ಸಾಹೇಬರ ಬೂಟು ಮಾತ್ರ ಕಾಣುತ್ತಿತ್ತು. ಒಳಗೆ ಭಾರಿ ತಪಾಸಣೆ ನಡೆದಿದೆ ಅಂದುಕೊಂಡು, ಅಟೆನ್ಷನ್‌ನಲ್ಲಿ ನಿಂತು ಕೂಗಿದ:

"ಸಾರ್, ಏನಾದ್ರೂ ಸಿಕ್ತಾ ಸಾರ್?"

ಒಳಗಿನಿಂದ ನರಳುವ ದನಿ ಬಂತು:

"ನಾನೇ ಸಿಕ್ಕಿದೀನಿ ಕಣಯ್ಯಾ!"