ಪಟ್ಟಂ ಕಚೇರಿಯ ಓಡದ ಟೈಪ್‌ರೈಟರ್

ಟೈಪ್‌ರೈಟರ್ ಕೆಟ್ಟರೆ ನನಗೆ ಭಯವಿಲ್ಲ. ರಿಪೇರಿ ಆದ ಮೇಲೆ ಕೆಟ್ಟರೆ ಭಯ. ನನ್ನ ಕೆಲಸದಲ್ಲಿ ಅದು ಆಗುತ್ತಲೇ ಇತ್ತು. ಕೇಳಿ ನಗುತ್ತಿದ್ದವಳು ನನ್ನ ಹೆಂಡತಿ. ಅವಳು ಹೋಗಿ ಎರಡು ವರ್ಷ. ಈಗ ಹೇಳಲು ಜನ ಇಲ್ಲ, ಬರೆಯುತ್ತೇನೆ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ಬಿಡಿ.

ಅರುವತ್ತರ ದಶಕ ಮುಗಿಯುವ ಹೊತ್ತು. ಕಾಸರಗೋಡಿನಿಂದ ಕೊಚ್ಚಿಗೆ ಬಂದು ರಿಪೇರಿ ಅಂಗಡಿ ಸೇರಿದ್ದೆ. ಹೊಸ ಮದುವೆ, ಪಾಲಾರಿವಟ್ಟಂನಲ್ಲಿ ಬಾಡಿಗೆ ಕೋಣೆ. ಅಂಗಡಿಯ ಧಣಿಗೆ ಎಲ್ಲರೂ ಮುದಲಾಳಿ ಅನ್ನುವುದು. ಅವರು ಮೊದಲ ದಿನವೇ ಹೇಳಿದ್ದರು: "ಒಂದೇ ಯಂತ್ರಕ್ಕೆ ಮೂರು ಸಲ ದೂರು ಬಂದರೆ ನೀನು ಊರಿಗೆ ಹೋಗಬಹುದು."

೧

ತಿರುವನಂತಪುರದ ಪಟ್ಟಂನಲ್ಲಿ ಒಂದು ಸರ್ಕಾರಿ ಕಚೇರಿ. ಅಲ್ಲಿನ ಯಂತ್ರದ ಕ್ಯಾರೇಜು, ಅಂದರೆ ಕಾಗದ ಹೊತ್ತು ಎಡಕ್ಕೆ ಓಡುವ ಭಾಗ, ನಡುವಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸರಿ ಮಾಡಿ ಬಂದೆ. ವಾರದೊಳಗೆ ದೂರು: ಪುನಃ ನಿಲ್ಲುತ್ತದೆ.

ಪುನಃ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಯಂತ್ರದ ಎಡಕ್ಕೆ ಟೈಪಿಸ್ಟ್ ಅಕ್ಕನ, ಅಲ್ಲಿಯವರು ಹೇಳುವಂತೆ ಚೇಚಿಯ, ಬುತ್ತಿ ಪಾತ್ರೆ. ಕ್ಯಾರೇಜು ಓಡಿ ಬಂದು ಅದಕ್ಕೆ ಗುದ್ದಿ ನಿಲ್ಲುತ್ತಿದೆ.

"ಚೇಚಿ, ಇದನ್ನು ಇಲ್ಲಿ ಯಾಕೆ ಇಟ್ಟಿರಿ?"

"ಯಾವಾಗಲೂ ಇಲ್ಲೇ ಇಡುವುದು ಮೇಸ್ತ್ರಿ. ರಿಪೇರಿಗೆ ಮೊದಲು ಅದು ಅಷ್ಟು ದೂರ ಬರುತ್ತಲೇ ಇರಲಿಲ್ಲ."

೨

ಮುದಲಾಳಿ ಅಂದರು, "ದೂರು ದೂರೇ. ಒಂದು ಆಯಿತು."

ನವರಾತ್ರಿ ಬಂತು. ಅಲ್ಲಿ ಪುಸ್ತಕ, ಆಯುಧ ಎಲ್ಲ ಪೂಜೆಗೆ ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಪಟ್ಟಂ ಕಚೇರಿಯವರು ಟೈಪ್‌ರೈಟರನ್ನೂ ಇಟ್ಟಿದ್ದರು. ಪೂಜೆಯಿಂದ ತೆಗೆದು ಟೈಪ್ ಮಾಡಿದರೆ ಒಂದೇ ಅಕ್ಷರ, ಮುಂದೆ ಇಲ್ಲ. ಎರಡನೇ ದೂರು.

ಕ್ಯಾರೇಜಿನ ಕಂಬಿಯ ಮೇಲೆ ಗಂಧ ಒಣಗಿ ಗಾರೆಯಂತಾಗಿತ್ತು. ಕೆರೆದೆ, ಒರೆಸಿದೆ, ಎಣ್ಣೆ ಬಿಟ್ಟೆ. ಓಡಿತು. ಪೂಜೆ ಮಾಡಿದ್ದ ಕಚೇರಿಯ ಪ್ಯೂನನಿಗೆ ಕಣ್ಣು ತುಂಬಿ ಬಂತು. "ದೇವರು ದೊಡ್ಡವನು," ಅಂದ. ಹಾಗೆ ಅಂದವನೇ ಅದೇ ಕಂಬಿಗೆ ಗಂಧದ ಇನ್ನೊಂದು ಬೊಟ್ಟು ಇಟ್ಟ.

೩

ಇನ್ನು ಒಂದೇ ದೂರು ಬಾಕಿ. ಯಂತ್ರವನ್ನು ಕೊಚ್ಚಿಗೆ ತರಿಸಿ ಪೂರ್ತಿ ಬಿಚ್ಚಿ ತೊಳೆದೆ. ಬೆಳಗಿನ ಬಸ್ಸು ಹಿಡಿಯಬೇಕೆಂದು ಹಿಂದಿನ ದಿನ ಕೋಣೆಗೇ ತಂದೆ. ಬೆಳಗ್ಗೆ ಸ್ನಾನಕ್ಕೆ ಹೋಗುವಾಗ ಹೆಂಡತಿಗೆ ಹೇಳಿದೆ, "ಗೋಣಿ ಸುತ್ತು. ಬಸ್ಸಿನಲ್ಲಿ ಅಲ್ಲಾಡದ ಹಾಗೆ ಕಟ್ಟು."

ಪಟ್ಟಂನಲ್ಲಿ ಗೋಣಿ ಬಿಚ್ಚಿ ಮೇಜಿನ ಮೇಲಿಟ್ಟೆ. ಆಫೀಸರರು ತಾವೇ ಕ್ಯಾರೇಜು ದೂಡಿದರು. ಕಲ್ಲು! ಅಲ್ಲಾಡಲೇ ಇಲ್ಲ.

ಯಂತ್ರ ಮಗುಚಿದೆ. ಬುಡ ಬಿಚ್ಚಿದೆ. ಸ್ಪ್ರಿಂಗು ಸರಿ, ಪಟ್ಟಿ ಸರಿ, ಹಲ್ಲು ಸರಿ. ಆಫೀಸರರು "ನಿಮ್ಮ ಮುದಲಾಳಿಗೆ ಬರೆಯುತ್ತೇನೆ" ಎಂದು ಕಾಗದ ತೆಗೆದರು. ಬರೆಯಲು ಯಂತ್ರವಿಲ್ಲದೆ ಪೆನ್ನು ಹುಡುಕಿದರು. ನನಗೆ ಕಾಸರಗೋಡಿನ ಬಸ್ಸೇ ಕಣ್ಣೆದುರು.

ಹಿಂದೆ ನಿಂತಿದ್ದ ಚೇಚಿ ಬಗ್ಗಿ ಕೇಳಿದರು, "ಮೇಸ್ತ್ರಿ, ಈ ನೂಲು ಯಾವ ಭಾಗ?"

ಕಪ್ಪು ಯಂತ್ರ, ಕಪ್ಪು ನೂಲು. ನಾಲ್ಕೆಳೆ ಹೊಸೆದು, ಹೂಮಾಲೆ ಕಟ್ಟುವ ಗಂಟು ಹಾಕಿ, ಕ್ಯಾರೇಜನ್ನು ಹಿಂದಿನಿಂದ ಬಿಗಿದಿತ್ತು. ಬ್ಲೇಡು ತಾಗಿಸಿದೆ. ಸರ್ರನೆ ಓಡಿ ಗಂಟೆ ಬಾರಿಸಿತು. ಆಫೀಸರರು ನಕ್ಕು ನಕ್ಕು ಪೆನ್ನು ಕೆಳಗಿಟ್ಟರು. ದೂರು ಹೋಗಲಿಲ್ಲ.

ಮನೆಗೆ ಬಂದವನೇ ಕೂಗಾಡಿದೆ. "ಕ್ಯಾರೇಜು ಕಟ್ಟಲು ನಿನಗೆ ಯಾರು ಹೇಳಿದ್ದು?"

"ನೀವೇ ಅಲ್ವಾ ಮಾರಾಯ್ರೆ, ಅಲ್ಲಾಡದ ಹಾಗೆ ಕಟ್ಟು ಅಂದದ್ದು?" ಅಂದಳು. "ಅಲ್ಲಾಡಿತಾ?"

"ಇಲ್ಲ."

"ಮತ್ತೆ?"